ಅಕ್ಕಂದಿರ ಮೊದಲ ಹತ್ತು ದಿನ

ಮಕ್ಕಳ ಆಶ್ರಮದಲ್ಲಿ ಮೇಟ್ರನ್ ಕೆಲಸಕ್ಕೆ ಸೇರಿದವಳು ಮೊದಲು ಕಲಿಯಬೇಕಾದದ್ದು ಅಳುವಿನಲ್ಲಿರುವ ವ್ಯತ್ಯಾಸ. ಹೊಟ್ಟೆನೋವಿನ ಅಳು ಬೇರೆ, ಪೆನ್ಸಿಲು ಕಳೆದ ಅಳು ಬೇರೆ, ಅಜ್ಜಿ ಬಂದು ಹೋದ ದಿನದ ಅಳು ಬೇರೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೂರು ತಿಂಗಳಲ್ಲಿ ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಆದರೆ ಬಚ್ಚಲಿನ ನಲ್ಲಿಯನ್ನು ಪೂರ್ತಿ ಬಿಟ್ಟು, ಬಕೆಟ್ಟು ತುಂಬಿ ಚೆಲ್ಲಿದರೂ ನಿಲ್ಲಿಸದೆ, ಆ ನೀರಿನ ಸದ್ದಿನ ಹಿಂದೆ ಕೂತು ಅಳುವ ಅಳು ಒಂದುಂಟು. ಅದು ಮಕ್ಕಳದ್ದಲ್ಲ. ಅಳುವನ್ನು ಮುಚ್ಚಿಡಬೇಕೆಂದು ಮಕ್ಕಳಿಗೆ ತೋಚುವುದಿಲ್ಲ. ಅದು ಪರದೇಶದಿಂದ ಸೇವೆಗೆಂದು ಬಂದ ಹುಡುಗಿಯರದ್ದು. ಸಾಮಾನ್ಯವಾಗಿ ನಾಲ್ಕನೆಯ ದಿನದ್ದು.

ನನ್ನ ಹೆಸರು ಐರಿನ್. ಊರು ಮೂಡಬಿದಿರೆಯ ಹತ್ತಿರ. ಗುರುವಾಯನಕೆರೆಯಿಂದ ಅಳದಂಗಡಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಸ್ವಲ್ಪ ಏರು ಹತ್ತಿದರೆ ಸಿಗುವ ಒಂದು ಆಶ್ರಮದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದೆ. ನಡೆಸುತ್ತಿದ್ದವರು ಸಿಸ್ಟರುಗಳು. ಇದ್ದವರು ನಲವತ್ತು ಹೆಣ್ಣುಮಕ್ಕಳು. ತಾಯಿ ತೀರಿಕೊಂಡವರು, ಅಪ್ಪ ಎಲ್ಲಿದ್ದಾನೆಂದು ತಿಳಿಯದವರು, ಮನೆಯಲ್ಲಿ ನೋಡಿಕೊಳ್ಳಲು ಒಬ್ಬ ಮುದುಕಿ ಮಾತ್ರ ಇದ್ದವರು. ಎಲ್ಲ ಜಾತಿಯವರೂ ಇದ್ದರು. ಮಕ್ಕಳು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ತುಳು ಮಾತಾಡುವವರು ನಮ್ಮ ಕಡೆ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ಸಿಸ್ಟರುಗಳಿಗೆ ನಾನು ಮೇಟ್ರನ್. ಅಂಚೆಯವನಿಗೂ ಮೇಟ್ರನ್. ಐರಿನ್ ಎಂದು ಕರೆಯುವವರು ಆ ಏರಿನ ಮೇಲೆ ಯಾರೂ ಇರಲಿಲ್ಲ.

ನನ್ನ ಜಾಗಕ್ಕೆ ಬಂದ ಹುಡುಗಿ ಕಳೆದ ತಿಂಗಳು ಫೋನ್ ಮಾಡಿದ್ದಳು. ಒಳ್ಳೆಯವಳು, ಡಿಗ್ರಿ ಮಾಡಿದವಳು. ಈಗ ಆಶ್ರಮದಲ್ಲಿ ಕ್ಯಾಮರಾ ಉಂಟು, ಪ್ರತಿ ಮಗುವಿಗೊಂದು ಫೈಲುಂಟು, ಹೊರಗಿನವರು ಬರುವುದಾದರೆ ಪೊಲೀಸ್ ಕಾಗದ ಬೇಕು, ಕಚೇರಿಯ ಅನುಮತಿ ಬೇಕು. ಅದನ್ನೆಲ್ಲ ಅವಳು ನನಗಿಂತ ಚೆನ್ನಾಗಿ ಮಾಡುತ್ತಾಳೆ. ಆದರೂ ಕೇಳಿದಳು: "ಬಾಯಮ್ಮ, ತುಂಬ ವರ್ಷದ ಮೇಲೆ ಹೊರದೇಶದಿಂದ ಒಬ್ಬರು ಬರ್ತಾರಂತೆ. ಮಕ್ಕಳ ಜೊತೆ ಇರ್ಲಿಕ್ಕೆ. ನಾನು ಎಂತ ಮಾಡ್ಬೇಕು?" ಅಷ್ಟು ದೊಡ್ಡ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಅವರು ಹೇಗೆ ಬರುತ್ತಾರೆಂದು ಮೊದಲು ಹೇಳುತ್ತೇನೆ. ಅಲ್ಲಿನ ಯಾವುದೋ ಚರ್ಚಿನವರು ಕಳಿಸುತ್ತಾರೆ. ಹದಿನೆಂಟು, ಇಪ್ಪತ್ತು ವಯಸ್ಸು. ಮೊದಲ ದಿನ ಮಲ್ಲಿಗೆ ಮುಡಿಸುತ್ತೇವೆ, ಮಕ್ಕಳು ಹಾಡು ಹೇಳುತ್ತಾರೆ, ಫೋಟೊ ತೆಗೆಯುತ್ತಾರೆ. ಎರಡನೆಯ ದಿನ ಅವರು ತಂದ ಚಾಕಲೇಟು, ಬಣ್ಣದ ಪೆನ್ಸಿಲು ಹಂಚುತ್ತಾರೆ. ಜ್ವರ ಬಂದು ಮಲಗಿದ ಮಗುವೊಂದಕ್ಕೆ ಸಿಗದೆ ಜಗಳವಾಗುತ್ತದೆ. ಮೂರನೆಯ ದಿನ ಹೊಟ್ಟೆ ಕೆಡುತ್ತದೆ. ನಾಲ್ಕನೆಯ ದಿನ ಬೆಳಿಗ್ಗೆ ಮಕ್ಕಳೆಲ್ಲ ಶಾಲೆಗೆ ಹೋಗುತ್ತಾರೆ. ಅಂಗಳ ಖಾಲಿ. ಸಿಸ್ಟರುಗಳಿಗೆ ಅವರವರ ಕೆಲಸ. ಇಷ್ಟು ದೂರ ಬಂದದ್ದು ಯಾಕೆಂದು ಆ ಹುಡುಗಿಗೆ ನೆನಪಾಗುವುದಿಲ್ಲ. ಆಗ ಬಚ್ಚಲಿನ ನಲ್ಲಿ ತಿರುಗುತ್ತದೆ.

ನನ್ನ ಕಾಲದಲ್ಲಿ ಹೀಗೆ ಬಂದ ಮೊದಲನೆಯವಳು ಮಾರ್ತಾ. ನಗುಮುಖದವಳು. ಎರಡು ತಿಂಗಳು ಇದ್ದಳು. ಸುನಿತಾ ಎಂಬ ಎರಡನೆಯ ಕ್ಲಾಸಿನ ಹುಡುಗಿಯನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. ನಮಗೆಲ್ಲ ನೋಡಲು ಚೆಂದವಾಗಿತ್ತು. ಹೋಗುವ ದಿನ ಮಾರ್ತಾ ಅವಳಿಗೆ ಹೇಳಿದ್ದು ನನ್ನ ಮೂಲಕವೇ: "ಪ್ರತಿ ತಿಂಗಳು ಕಾಗದ ಬರೀತಾಳಂತೆ."

ಒಂದು ಕಾಗದ ಬಂತು. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಸುನಿತಾ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಎರಡನೆಯ ಕಾಗದ ಬರಲಿಲ್ಲ. ಸುನಿತಾ ಶಾಲೆಯಿಂದ ಬಂದವಳೇ ಚೀಲ ಹೆಗಲಲ್ಲಿಟ್ಟುಕೊಂಡೇ ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಿಂತಿದ್ದು ಹೋಗುತ್ತಿದ್ದಳು. ಅನ್ನ ಅರ್ಧಕ್ಕೇ ಬಿಡತೊಡಗಿದಳು. ಅದನ್ನು ನೋಡಲಾರದೆ ನಾನು ಒಂದು ದಿನ, "ಬಂತು ನೋಡು" ಎಂದುಬಿಟ್ಟೆ.

ನನ್ನ ಇಂಗ್ಲಿಷ್ ರೇಷನ್ ಅಂಗಡಿಯ ಇಂಗ್ಲಿಷ್. ಕಾಗದ ಬರೆಯುವಷ್ಟು ಇರಲಿಲ್ಲ. ದೊಡ್ಡ ಮಕ್ಕಳ ಪಠ್ಯಪುಸ್ತಕದಲ್ಲಿ ಹಸುವಿನ ಮೇಲೊಂದು ಪಾಠವಿತ್ತು. ಅದರ ಆರೇಳು ಸಾಲು ಒಳ್ಳೆಯ ಹಾಳೆಯಲ್ಲಿ ಓರೆ ಅಕ್ಷರದಲ್ಲಿ ಬರೆದೆ. ಹಸುವಿಗೆ ನಾಲ್ಕು ಕಾಲು, ಹಸು ಹುಲ್ಲು ತಿನ್ನುತ್ತದೆ. ಅದನ್ನು ಕೈಯಲ್ಲಿ ಹಿಡಿದು ಸುನಿತಾಳಿಗೆ ಓದಿ ಹೇಳಿದ್ದು ಬೇರೆ: "ನನ್ನ ಮುದ್ದು ಸುನಿತಾ, ನೀನು ಚೆನ್ನಾಗಿ ಊಟ ಮಾಡ್ತೀಯಾ? ನಿನ್ನನ್ನು ದಿನಾ ನೆನಪು ಮಾಡ್ತೇನೆ." ಆ ಸಂಜೆ ಅವಳು ಎರಡು ಸಲ ಗಂಜಿ ಹಾಕಿಸಿಕೊಂಡಳು. ನಾನು ಒಳ್ಳೆಯ ಕೆಲಸ ಮಾಡಿದೆನೆಂದು ಸಂತೋಷಪಟ್ಟೆ.

ಅಂಥ ಎಂಟು ಕಾಗದ ಬರೆದೆ. ಹಸು ಮುಗಿದ ಮೇಲೆ ರೈಲು, ರೈಲು ಮುಗಿದ ಮೇಲೆ ಮಾವಿನ ಮರ.

ನಾಲ್ಕು ವರ್ಷ ಕಳೆದು ಸುನಿತಾಳಿಗೆ ಅದೇ ಪುಸ್ತಕ ಬಂತು. ಒಂದು ಮಧ್ಯಾಹ್ನ ಕಾಗದಗಳನ್ನೆಲ್ಲ ತಂದು ನನ್ನ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಪುಸ್ತಕ ತೆರೆದಿಟ್ಟಳು. "ಬಾಯಮ್ಮ, ಇದು ಹಸು" ಎಂದಳು. ಬೈಯಲಿಲ್ಲ, ಅಳಲಿಲ್ಲ. ಮಾರ್ತಾಳ ಆ ಒಂದು ನಿಜವಾದ ಕಾಗದವನ್ನು ಮಾತ್ರ ಆರಿಸಿ ತೆಗೆದುಕೊಂಡು ಹೋದಳು. ಹತ್ತನೆಯ ಕ್ಲಾಸು ಮುಗಿಸಿ ಆಶ್ರಮ ಬಿಡುವವರೆಗೂ ಅವಳು ನನ್ನ ಹತ್ತಿರ ಆಡಿದ್ದು ಸೋಪು ಮುಗಿಯಿತು, ಚಪ್ಪಲಿ ಹರಿಯಿತು, ಇಷ್ಟೇ. ಮುಂದೆ ಅವಳ ಮದುವೆಯ ಕಾಗದ ಆಶ್ರಮಕ್ಕೆ ಬಂತು. ಸಿಸ್ಟರುಗಳ ಹೆಸರಿಗೆ.

ನನ್ನ ಮೇಲಿದ್ದವರು ಸಿಸ್ಟರ್ ಕ್ಲೆಮೆನ್ಸಿಯಾ. ಗಟ್ಟಿ ಹೆಂಗಸು. ಮಾತು ಸ್ವಲ್ಪ, ದೃಷ್ಟಿ ಜಾಸ್ತಿ. ಹಸುವಿನ ಕಾಗದದ ವಿಷಯ ನಾನೇ ಹೋಗಿ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸುತ್ತ ಕೊಂಕಣಿಯಲ್ಲಿ ಹೇಳಿದರು: "ಪಳೆ, ನೋಡು ಮೇಟ್ರನ್, ಅವಳು ಆ ಹುಡುಗಿಯನ್ನು ಒಂದು ಸಲ ಬಿಟ್ಟು ಹೋದಳು. ನೀನು ಎಂಟು ಸಲ ಬಿಟ್ಟು ಹೋದ ಹಾಗೆ ಮಾಡಿದೆ." ಅಷ್ಟೇ ಹೇಳಿದ್ದು. ನಂತರ ಒಂದು ಸಲವೂ ಆ ಮಾತು ಎತ್ತಲಿಲ್ಲ.

ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡೆ. ಹೊರಗಿನಿಂದ ಬಂದವರು ಮಕ್ಕಳನ್ನು ಎತ್ತಿಕೊಳ್ಳಬಾರದು. ಮಡಿಲಲ್ಲಿ ಕೂರಿಸಬಾರದು. ಒಂದೇ ಮಗುವಿನ ಹತ್ತಿರ ಎರಡು ದಿನ ಕೂರಬಾರದು. ತರಕಾರಿ ಹೆಚ್ಚಲಿ, ಪುಸ್ತಕ ಜೋಡಿಸಲಿ, ಬಟ್ಟೆ ಮಡಚಲಿ. ಈ ನಿಯಮ ಯಾಕೆಂದು ಬಂದವರಿಗೆ ನಾನು ಹೇಳುತ್ತಿರಲಿಲ್ಲ. ಹೇಳುವಷ್ಟು ಇಂಗ್ಲಿಷ್ ಇಲ್ಲ ಎಂಬುದು ನೆಪ. ಹೇಳಿದರೆ ಹಸುವಿನ ಕತೆಯನ್ನೂ ಹೇಳಬೇಕಾಗುತ್ತಿತ್ತು.

ಹಾನ್ನಾ ಬಂದದ್ದು ಇದಾದ ಮೇಲೆ, ದೀಪಾವಳಿ ಕಳೆದ ವಾರ. ಜರ್ಮನಿಯ ಒಂದು ಸಣ್ಣ ಊರಿನವಳು, ಹತ್ತೊಂಬತ್ತು ವರ್ಷ. ಮೂರು ತಿಂಗಳು ಇರುವುದೆಂದು ಮಾತಾಗಿತ್ತು. ಎತ್ತರದ ಹುಡುಗಿ, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸುತ್ತಿದ್ದಳು, ಬಾಗಿಲು ಎತ್ತರವಿದ್ದರೂ. ಅವಳಿಗೂ ಇಂಗ್ಲಿಷ್ ಪರಭಾಷೆಯೇ. ನಾವಿಬ್ಬರೂ ಒಂದೊಂದು ಪದವನ್ನು ಎದುರಿಗಿಟ್ಟು ಮಾತಾಡುತ್ತಿದ್ದೆವು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಆಶ್ರಮಕ್ಕೆ ಆ ವಾರವೇ ಸೇರಿದ ಇನ್ನೊಬ್ಬಳಿದ್ದಳು: ಪವಿತ್ರಾ. ಕನ್ಯಾನದ ಕಡೆಯ ಮಗು, ಏಳು ವರ್ಷ. ಅಜ್ಜಿ ಕರೆತಂದು ಬಿಟ್ಟು, "ಎರಡು ಬಸ್ಸು ಹಿಡಿದು ಬರ್ಬೇಕು ಬಾಯಮ್ಮ, ಪದೇ ಪದೇ ಬರ್ಲಿಕ್ಕೆ ಆಗ್ಲಿಕ್ಕಿಲ್ಲ" ಎಂದು ಹೋಗಿದ್ದಳು. ಆ ಮಗು ಬಂದಾಗಿನಿಂದ ಮಾತಾಡಿರಲಿಲ್ಲ. ಕನ್ನಡದಲ್ಲೂ ಇಲ್ಲ, ತುಳುವಿನಲ್ಲೂ ಇಲ್ಲ. ಕೊಟ್ಟದ್ದು ತಿನ್ನುತ್ತಿತ್ತು, ಹೇಳಿದಲ್ಲಿ ಮಲಗುತ್ತಿತ್ತು. ಶಾಲೆ ಬಿಟ್ಟ ಮೇಲೆ ಊಟದ ಕೋಣೆಯ ಮೆಟ್ಟಿಲಿನಲ್ಲಿ ಕೂತು ಗೇಟು ನೋಡುತ್ತಿತ್ತು. ಹೊಸ ಮಕ್ಕಳು ಹೀಗೆ ಇರುವುದುಂಟು. ನಾನು ಚಿಂತೆ ಮಾಡಲಿಲ್ಲ.

ನಾಲ್ಕನೆಯ ದಿನ ಹಾನ್ನಾಳ ನಲ್ಲಿಯ ಸದ್ದು ಕೇಳಿತು. ಶಾಲೆಗೆ ಹೊರಟ ಮಕ್ಕಳಲ್ಲೊಬ್ಬಳು ಓಡಿಬಂದಳು. "ಬಾಯಮ್ಮ, ಉದ್ದದ ಅಕ್ಕ ಕೂಗ್ತಾ ಇದ್ದಾರೆ!" ನಮ್ಮ ಕಡೆ ಮಕ್ಕಳು ಅಳುವುದಕ್ಕೆ ಕೂಗುವುದು ಎನ್ನುತ್ತಾರೆ. ನಾನು, "ಹೊಟ್ಟೆನೋವಿರ್ಬೇಕು, ನೀ ಹೋಗು" ಎಂದೆ. ಬಚ್ಚಲಿನ ಬಾಗಿಲು ತಟ್ಟಬಹುದಿತ್ತು. ತಟ್ಟಲಿಲ್ಲ. ಬಂದವರೆಲ್ಲ ಅಳುತ್ತಾರೆ, ಐದನೆಯ ದಿನ ಸರಿಯಾಗುತ್ತಾರೆ ಎಂಬುದು ನನ್ನ ಅನುಭವ. ಅನುಭವ ಹೆಚ್ಚಾದ ಮೇಲೆ ಬಾಗಿಲು ತಟ್ಟುವ ಅಭ್ಯಾಸ ತಪ್ಪುತ್ತದೆ. ಹೊಸದಾಗಿ ಸೇರುವವರು ಇದನ್ನು ಗಮನಿಸಬೇಕು.

ಹಾನ್ನಾ ಐದನೆಯ ದಿನ ಸರಿಯಾಗಲಿಲ್ಲ. ತೊಂಡೆಕಾಯಿ ಹೆಚ್ಚಿದಳು. ಲೈಬ್ರರಿಯ ಪುಸ್ತಕಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು, ಕನ್ನಡ ಓದಲು ಬರುತ್ತಿರಲಿಲ್ಲವಲ್ಲ. ಸಂಜೆ ಮಕ್ಕಳು ಅಂಗಳದಲ್ಲಿ ಆಡುವಾಗ ದೂರದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದಳು. ಆರನೆಯ ದಿನ ನೋಡುತ್ತೇನೆ, ಊಟದ ಕೋಣೆಯ ಮೆಟ್ಟಿಲಿನಲ್ಲಿ ಪವಿತ್ರಾಳ ಪಕ್ಕ ಕೂತಿದ್ದಾಳೆ. ಇಬ್ಬರ ನಡುವೆ ಒಂದು ಮೊಳ ಅಂತರ. ಇಬ್ಬರೂ ಗೇಟು ನೋಡುತ್ತಿದ್ದಾರೆ. ಮಾತಿಲ್ಲ, ಮುಟ್ಟುವುದಿಲ್ಲ. ಏಳನೆಯ ದಿನವೂ ಹಾಗೆಯೇ. ಎಂಟನೆಯ ದಿನ ಆ ಒಂದು ಮೊಳದ ಜಾಗದಲ್ಲಿ ಪವಿತ್ರಾಳ ಎರಡು ಹುಣಸೆಬೀಜ ಇದ್ದವು. ಆಟಕ್ಕೆ ಇಟ್ಟದ್ದು.

ನನಗೆ ಸುನಿತಾ ನೆನಪಾದಳು. ನೇರ ಹೋಗಿ ಪವಿತ್ರಾಳ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. ಹಾನ್ನಾಳಿಗೆ, "ಇಲ್ಲಿ ಬೇಡ. ಅಡುಗೆಮನೆ" ಎಂದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಹೋಗುವಾಗ ಬಾಗಿಲಲ್ಲಿ ತಲೆ ತಗ್ಗಿಸಿದಳು.

ಹತ್ತನೆಯ ದಿನ ಬೆಳಿಗ್ಗೆ ಸಿಸ್ಟರ್ ಕ್ಲೆಮೆನ್ಸಿಯಾ ಕರೆಸಿದರು. "ಆ ಹುಡುಗಿ ಊರಿಗೆ ಹೋಗ್ತಾಳಂತೆ. ಮಂಗಳೂರಿನ ನಮ್ಮ ಕಾನ್ವೆಂಟಿಗೆ ಮುಟ್ಟಿಸಿ ಬಾ. ಮುಂದಿನದ್ದು ಅಲ್ಲಿನವರು ನೋಡ್ತಾರೆ." ಕಾರಣ ಅವರು ಕೇಳಿದ್ದರಂತೆ. ಹುಡುಗಿ ಹೇಳಿದ್ದು ಒಂದೇ ಮಾತು: ನಾನು ಇಲ್ಲಿ ಯಾರಿಗೂ ಬೇಕಾಗಿಲ್ಲ.

ಮಕ್ಕಳು ಶಾಲೆಗೆ ಹೋದ ಮೇಲೆ ಹೊರಟೆವು. ಹಾಗೆ ಹೊರಡುವುದು ನನ್ನದೇ ಪದ್ಧತಿ; ಮಕ್ಕಳ ಎದುರು ರಂಪ ಬೇಡವೆಂದು. ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆವು. ಮಡಂತ್ಯಾರು ಕಳೆದು ತಿರುವುಗಳು ಸುರುವಾದಾಗ ಹಾನ್ನಾ ಬೆಳ್ಳಗಾದಳು. ಬಂಟ್ವಾಳ ಬರುವಷ್ಟರಲ್ಲಿ ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿದ್ದಳು. ಬಿ.ಸಿ. ರೋಡಿನಲ್ಲಿ ಕಂಡಕ್ಟರ್ ಹೇಳಿದ: "ಬಾಯಮ್ಮ, ಅವ್ರನ್ನು ಇಳಿಸಿ ಸ್ವಲ್ಪ ಗಾಳಿ ಹಾಕಿ. ಮಂಗ್ಳೂರಿಗೆ ಐದೈದು ನಿಮಿಷಕ್ಕೆ ಬಸ್ಸುಂಟು."

ಇಳಿದೆವು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದು ಅವಳಿಗೆ ನಿಂಬೆ ಶರಬತ್ತು ಹೇಳಿದೆ. ಅವಳು ಮುಖ ತೊಳೆದು ಬಂದು ಕೂತಳು. ಒಂದು ಗುಟುಕು ಕುಡಿದು ಕೇಳಿದಳು:

"ಐರಿನ್, ನಾನು ಏನು ತಪ್ಪು ಮಾಡಿದೆ?"

ಆ ಹೆಸರು ಕೇಳಿ ನಾನು ಒಂದು ಗಳಿಗೆ ಬೇರೆ ಯಾರನ್ನೋ ಕರೆದಳೆಂದುಕೊಂಡೆ. ಅವರ ದೇಶದಲ್ಲಿ ದೊಡ್ಡವರನ್ನೂ ಕೆಲವೊಮ್ಮೆ ಹೆಸರು ಹಿಡಿದೇ ಕರೆಯುತ್ತಾರಂತೆ. ನನ್ನ ಅಮ್ಮ ತೀರಿಕೊಂಡ ಮೇಲೆ ಅಷ್ಟು ಮೃದುವಾಗಿ ಆ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ.

"ತಪ್ಪು ಮಾಡ್ಲಿಲ್ಲ" ಎಂದೆ.

"ಮಕ್ಕಳ ಹತ್ತಿರ ಹೋದರೆ ನೀವು ಕಳಿಸ್ತೀರಿ. ನನ್ನ ಕೈ ಕೊಳಕಾ?"

ಆಗ ನಾನು ಹೇಳಿದೆ. ಮಾರ್ತಾ, ಸುನಿತಾ, ಎಂಟು ಕಾಗದ, ಹಸು, ಎಲ್ಲ. ಇಂಗ್ಲಿಷ್ ಸಾಲದೆ ಬಂದಾಗ ಮೇಜಿನ ಮೇಲೆ ಬೆರಳಿನಿಂದ ಬರೆದೆ, ಕೈ ಮಾಡಿ ತೋರಿಸಿದೆ. ಹಸುವಿಗೆ ನಾಲ್ಕು ಕಾಲು ಎಂದು ನಾಲ್ಕು ಬೆರಳು ತೋರಿಸಿದಾಗ ಪಕ್ಕದ ಮೇಜಿನವನು ತಿರುಗಿ ನೋಡಿದ. ಹಾನ್ನಾ ನಗಲಿಲ್ಲ. ಪೂರ್ತಿ ಕೇಳಿ ಹೇಳಿದಳು:

"ಇದನ್ನು ಮೊದಲ ದಿನ ಹೇಳಿದ್ದರೆ ನಾನು ದೂರ ನಿಲ್ಲುತ್ತಿದ್ದೆ. ಯಾಕೆ ದೂರ ನಿಂತಿದ್ದೇನೆಂದಾದರೂ ಗೊತ್ತಿರುತ್ತಿತ್ತು."

ಅವಳು ಶರಬತ್ತಿನ ಗ್ಲಾಸು ತಿರುಗಿಸುತ್ತ ಇನ್ನೊಂದು ವಿಷಯ ಹೇಳಿದಳು. ಹೊರಡುವ ಮುಂಚೆ ಅವರ ಚರ್ಚಿನಲ್ಲಿ ಅವಳನ್ನು ಎದುರಿಗೆ ನಿಲ್ಲಿಸಿ ಎಲ್ಲರೂ ಪ್ರಾರ್ಥನೆ ಮಾಡಿದ್ದರಂತೆ. ಮುದುಕಿಯರು ಮಕ್ಕಳಿಗೆಂದು ಕಾಲುಚೀಲ ಹೆಣೆದು ಕೊಟ್ಟಿದ್ದರಂತೆ. "ಈ ಸೆಖೆಗೆ ಕಾಲುಚೀಲ" ಎಂದು ಅವಳೇ ತಲೆಯಲ್ಲಾಡಿಸಿದಳು. "ಹತ್ತೇ ದಿನಕ್ಕೆ ಹಿಂದೆ ಹೋಗಿ ಅವರ ಎದುರು ಏನು ಹೇಳಲಿ ಐರಿನ್? ಅಲ್ಲಿಗೂ ಹೋಗಲಾರೆ, ಇಲ್ಲಿಯೂ ಇರಲಾರೆ."

ಅದನ್ನು ಕೇಳಿದಾಗ ನನಗೆ ನನ್ನದೇ ಹತ್ತನೆಯ ದಿನ ನೆನಪಾಯಿತು. ಅದನ್ನು ನಾನು ಯಾರಿಗೂ ಹೇಳಿದ್ದಿಲ್ಲ. ಇಪ್ಪತ್ತಮೂರು ವರ್ಷಕ್ಕೆ ಈ ಕೆಲಸಕ್ಕೆ ಸೇರಿದವಳು ಹತ್ತನೆಯ ದಿನ ಚೀಲ ಹಿಡಿದು ಬಸ್ಸು ಹತ್ತಿ, ವೇಣೂರು ದಾಟಿ ಮೂಡಬಿದಿರೆಯಲ್ಲಿ ಇಳಿದಿದ್ದೆ. ದೂರವೇನೂ ಅಲ್ಲ, ಒಂದು ಗಂಟೆಯ ದಾರಿ. ಅಮ್ಮ ಮೀನು ತೊಳೆಯುತ್ತಿದ್ದವಳು ತಲೆಯೆತ್ತಿ ನೋಡಿ, "ರಜೆಯಾ?" ಎಂದಳು. "ಬಿಟ್ಟು ಬಂದೆ" ಎಂದೆ. ಅಮ್ಮ ಇನ್ನೊಂದು ಮೀನು ಕೈಗೆತ್ತಿಕೊಂಡು, "ಊಟ ಮಾಡು. ನಾಳೆ ಬೆಳಿಗ್ಗೆ ಬಸ್ಸುಂಟು" ಎಂದಳು. ಕೆಳಗೆ ಮೂವರು ತಂಗಿಯರಿದ್ದರು. ಮರುದಿನ ನಾನು ಆ ಬಸ್ಸಿನಲ್ಲಿದ್ದೆ. ಆಮೇಲೆ ಮೂವತ್ತು ವರ್ಷ ಹೋದದ್ದು ತಿಳಿಯಲಿಲ್ಲವೆಂದು ಎಲ್ಲರೂ ಬರೆಯುತ್ತಾರೆ. ನನಗೆ ತಿಳಿಯಿತು. ಒಂದೊಂದು ಭಾನುವಾರವೂ ತಿಳಿಯಿತು.

ಇದನ್ನು ಹಾನ್ನಾಳಿಗೆ ಹೇಳಿದೆ. "ನಿಮ್ಮ ಅಮ್ಮ ಕಠಿಣ" ಎಂದಳು.

"ಅಲ್ಲ. ಬೇರೆ ದಾರಿ ಇರ್ಲಿಲ್ಲ" ಎಂದೆ.

ಅಷ್ಟರಲ್ಲಿ ನನ್ನ ಮೊಬೈಲು ಸದ್ದು ಮಾಡಿತು. ಸಿಸ್ಟರ್ ಕ್ಲೆಮೆನ್ಸಿಯಾ. "ಮೇಟ್ರನ್, ಕನ್ಯಾನದ ಮಗು ಶಾಲೆಯಲ್ಲಿಲ್ಲ. ಬೆಳಿಗ್ಗೆ ಹಾಜರಿಗೆ ಕೈ ಎತ್ತಿದ್ದಾಳೆ. ಮೊದಲ ಗಂಟೆ ಹೊಡೆದ ಮೇಲೆ ಯಾರೂ ನೋಡಿಲ್ಲ. ಗೇಟಿನಲ್ಲಿಲ್ಲ, ಬಸ್‌ಸ್ಟಾಪಿನಲ್ಲಿಲ್ಲ. ಬೇಗ ಬಾ."

ನಾನು ಎದ್ದೆ. ಹಾನ್ನಾಳಿಗೆ, "ಪವಿತ್ರಾ ಇಲ್ಲ. ಹುಡುಕ್ಬೇಕು. ನಿನ್ನನ್ನು ಮಂಗಳೂರು ಬಸ್ಸಿಗೆ ಹತ್ತಿಸ್ತೇನೆ, ಅಲ್ಲಿನ ಸಿಸ್ಟರು ಸ್ಟ್ಯಾಂಡಿಗೆ ಬರ್ತಾರೆ" ಎಂದೆ. ಎದುರಿನಲ್ಲಿ ಮಂಗಳೂರು ಬಸ್ಸು ನಿಂತೇ ಇತ್ತು. ಬಸ್ಸಿನ ಕ್ಲೀನರ್ ಹುಡುಗ ಬಾಗಿಲು ತಟ್ಟಿ ಕರೆಯುತ್ತಿದ್ದ. ಹಾನ್ನಾ ಅದನ್ನೊಮ್ಮೆ ನೋಡಿದಳು. ಚೀಲ ಹೆಗಲಿಗೇರಿಸಿದಳು. "ನಾನೂ ಬರುತ್ತೇನೆ" ಎಂದು ರಸ್ತೆಯ ಈ ಬದಿಯಲ್ಲೇ, ಗುರುವಾಯನಕೆರೆಯಾಗಿ ಬೆಳ್ತಂಗಡಿಗೆ ಹೋಗುವ ಬಸ್ಸು ಹುಡುಕುತ್ತ ನಡೆದಳು.

ಆ ಬಸ್ಸು ಅಷ್ಟು ನಿಧಾನವೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. ವಗ್ಗದಲ್ಲಿ ಅಕ್ಕಿಮೂಟೆ ಇಳಿಸಿದರು. ಪುಂಜಾಲಕಟ್ಟೆಯಲ್ಲಿ ಯಾರಿಗೋ ಕಾದರು. ಕಿಟಕಿಯಾಚೆ ಕಂಡ ಪ್ರತಿ ನೀಲಿ ಲಂಗದ ಹುಡುಗಿಯೂ ಪವಿತ್ರಾಳೆಂದು ನಾನು ಅರ್ಧ ಎದ್ದು ಎದ್ದು ಕೂತೆ. ಮಗು ಎರಡು ಬಸ್ಸು ಹಿಡಿದು ಅಜ್ಜಿಯ ಮನೆಗೆ ಹೊರಟಿದ್ದರೆ? ಕೆರೆಯ ಕಡೆಗೆ ಹೋಗಿದ್ದರೆ? ಹಾನ್ನಾ ನನ್ನ ಮಣಿಕಟ್ಟು ಹಿಡಿದಿದ್ದಳು. ಬಸ್ಸಿನಲ್ಲಿ ಅವಳಿಗೆ ಈ ಸಲ ಹೊಟ್ಟೆ ತೊಳಸಲಿಲ್ಲ, ಅಥವಾ ತೊಳಸಿದರೂ ತೋರಿಸಲಿಲ್ಲ.

ಆಶ್ರಮದಲ್ಲಿ ಸಿಸ್ಟರುಗಳು, ಟೀಚರುಗಳು, ಕೆಳಗಿನ ಮನೆಯವರು ಎಲ್ಲ ಸೇರಿದ್ದರು. ಬಾವಿ ನೋಡಿಯಾಗಿತ್ತು. ಗುಡ್ಡೆಯ ಕಡೆ ನಾಲ್ಕು ಜನ ಹೋಗಿದ್ದರು. ಹಾನ್ನಾ ಯಾರಿಗೂ ಏನೂ ಹೇಳದೆ ಊಟದ ಕೋಣೆಯ ಮೆಟ್ಟಿಲಿಗೆ ಹೋಗಿ ನೋಡಿದಳು. ಅಲ್ಲಿಂದ ತನ್ನ ಕೋಣೆಗೆ ಓಡಿದಳು. ಬೆಳಿಗ್ಗೆ ಅದನ್ನು ಖಾಲಿ ಮಾಡಿ ಕೊಟ್ಟು ಹೋಗಿದ್ದಳು, ಹಾಗಾಗಿ ಅಲ್ಲಿ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಕೋಣೆಯ ಬಾಗಿಲಿನಿಂದ ಅವಳು ಕರೆದದ್ದು ಕೇಳಿ ನಾನು ಹೋದೆ. ಹಾಸಿಗೆ ತೆಗೆದ ಬರಿಯ ಮಂಚದ ಮೇಲೆ ಪವಿತ್ರಾ ಕೂತಿದ್ದಳು. ಚೀಲ ಹೆಗಲಲ್ಲೇ ಇತ್ತು. ಊಟ ಮಾಡಿರಲಿಲ್ಲ. ಹೊರಗೆ ಅವಳ ಹೆಸರು ಹಿಡಿದು ಎಲ್ಲರೂ ಕರೆದದ್ದನ್ನು ಕೇಳಿಯೂ ಸುಮ್ಮನಿದ್ದಳು. ನನ್ನನ್ನು ನೋಡಿ, ಎರಡು ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟಳು. "ಅಕ್ಕ ಬಚ್ಚಲಿಗೆ ಹೋಗಿದ್ರಾ?" ಎಂದು ತುಳುವಿನಲ್ಲಿ ಕೇಳಿದಳು. ಬೆಳಿಗ್ಗೆ ಶಾಲೆಗೆ ಸಾಲಾಗಿ ಹೋಗುವಾಗ ವರಾಂಡದಲ್ಲಿ ಕಟ್ಟಿಟ್ಟ ಚೀಲ ಅವಳ ಕಣ್ಣಿಗೆ ಬಿದ್ದಿತ್ತಂತೆ. ಹಾಜರಿ ಮುಗಿದದ್ದೇ ಹಿಂದೆ ಓಡಿಬಂದಿದ್ದಾಳೆ. ಬಂದಾಗ ಕೋಣೆ ಖಾಲಿ. ಬರುತ್ತಾರೆಂದು ಕೂತುಬಿಟ್ಟಿದ್ದಾಳೆ.

ಹಾನ್ನಾ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ಒಂದು ಹೆಜ್ಜೆ ಮುಂದಿಡಲೂ ನನ್ನ ಒಪ್ಪಿಗೆ ಕಾಯುತ್ತಿದ್ದಳು. ಈ ಮಗುವನ್ನು ಅವಳು ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಮುಟ್ಟಿರಲಿಲ್ಲ. ಪಕ್ಕದಲ್ಲಿ ಕೂತ ಮೂರು ದಿನಕ್ಕೇ ನಾನು ಎಬ್ಬಿಸಿ ಕಳಿಸಿದ್ದೆ. ಆದರೂ ಮಗು ಬರಿಯ ಮಂಚದ ಮೇಲೆ ಕೂತು ಕಾದಿತ್ತು. ಇಷ್ಟು ವರ್ಷ ನಾನು ಕಾವಲು ಕಾದದ್ದು ತಪ್ಪಾದ ಬಾಗಿಲಲ್ಲಿ.

"ಹೋಗು" ಎಂದೆ.

ಆ ಸಂಜೆ ನಾನು ಹಾನ್ನಾಳಿಗೂ ಪವಿತ್ರಾಳಿಗೂ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರ ಭಾಷೆಯಲ್ಲಿ ಹೇಳಿದೆ. ಹಾನ್ನಾ ಇರುವುದಾಗಿ ಹೇಳಿದಳು. "ಹಾಗಾದ್ರೆ ಯಾವತ್ತು ಹೋಗ್ತೀ ಅಂತ ಇವಳಿಗೆ ಈಗಲೇ ಹೇಳು" ಎಂದೆ. ಅವಳಿಗೆ ಅದು ಕ್ರೂರವೆಂದು ಕಂಡಿತು. ನನಗೂ ಕಂಡಿತ್ತು. ಸೊಸೈಟಿಯವರು ಕೊಟ್ಟ ಗೋಡೆ ಕ್ಯಾಲೆಂಡರು ಇಳಿಸಿ ಕೆಳಗಿಟ್ಟೆ. ಹೊಸ ವರ್ಷದ್ದು ಬಂದಿರಲಿಲ್ಲ; ಜನವರಿಯ ಚೌಕಗಳನ್ನು ಹಾನ್ನಾ ಹಿಂಬದಿಯಲ್ಲಿ ಗೆರೆ ಎಳೆದು ಮಾಡಿದಳು. ಹೋಗುವ ದಿನದ ಚೌಕಕ್ಕೆ ಬಸ್ಸಿನ ಚಿತ್ರ ಬರೆದಳು. ಪವಿತ್ರಾ ತುಂಬ ಹೊತ್ತು ಬಗ್ಗಿ ನೋಡಿ ಕೇಳಿದಳು: "ಇದರ ಮೊದ್ಲು ಹೋಗುದಿಲ್ವಾ?"

"ಇಲ್ಲ."

"ಶಾಲೆಗೆ ಹೋದಾಗ್ಲೂ?"

"ಆಗ್ಲೂ ಇಲ್ಲ."

ಮರುದಿನದಿಂದ ಅವಳು ಮೆಟ್ಟಿಲಿನಲ್ಲಿ ಕೂತು ಗೇಟು ನೋಡುವುದನ್ನು ಬಿಟ್ಟಳು. ಪ್ರತಿ ಸಂಜೆ ಒಂದು ಚೌಕಕ್ಕೆ ಗೆರೆ ಹೊಡೆಯುತ್ತಿದ್ದಳು. ಬೇರೆ ಮಕ್ಕಳೂ ಸೇರಿಕೊಂಡರು. ಕ್ರಿಸ್ಮಸ್ಸಿಗೆ ಅಡುಗೆಮನೆಯಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಮಾಡುವಾಗ ಹಾನ್ನಾಳ ಸುತ್ತ ಹತ್ತು ಮಕ್ಕಳು ಕೂತು ಚಕ್ಕುಲಿ ಒತ್ತಿದವು. ಆ ಕಾಲುಚೀಲಗಳನ್ನು ಹಿಟ್ಟಿನ ಕೈ ಒರೆಸಲು ಬಳಸಿದರು. ಜರ್ಮನಿಯ ಮುದುಕಿಯರಿಗೆ ಕಳಿಸುವ ಫೋಟೊದಲ್ಲಿ ಮಾತ್ರ ಎಲ್ಲರೂ ಅವನ್ನು ಕಾಲಿಗೆ ಹಾಕಿಕೊಂಡು ನಿಂತರು.

ಕಾಗದದ ವಿಷಯದಲ್ಲೂ ನಾವು ಲೆಕ್ಕ ಮಾಡಿಕೊಂಡೆವು. "ಪ್ರತಿ ತಿಂಗಳು ಬರೀತೇನೆ ಅಂತ ಹೇಳ್ಬೇಡ. ಎಷ್ಟು ಬರೀಲಿಕ್ಕೆ ಸಾಧ್ಯವೋ ಅಷ್ಟೇ ಹೇಳು" ಎಂದೆ. ಹಾನ್ನಾ ಪ್ರಾಮಾಣಿಕವಾಗಿ ಯೋಚನೆ ಮಾಡಿ, "ನಾಲ್ಕು" ಎಂದಳು. ಪವಿತ್ರಾಳಿಗೂ ನಾಲ್ಕು ಎಂದೇ ಹೇಳಿದೆವು.

ಬಸ್ಸಿನ ಚೌಕದ ದಿನ ಬೆಳಿಗ್ಗೆ ಗೆರೆ ಹೊಡೆದವಳು ಪವಿತ್ರಾಳೇ. ಹಾನ್ನಾಳ ಸಣ್ಣ ಚೀಲವನ್ನು ಗೇಟಿನವರೆಗೆ ತಾನೇ ಎಳೆದಳು. ಮಕ್ಕಳನ್ನು ಶಾಲೆಗೆ ಕಳಿಸಿ ಹೊರಡಿಸುವ ಪದ್ಧತಿಯನ್ನು ನಾನು ಕೈಬಿಟ್ಟಿದ್ದೆ. ನಲವತ್ತು ಮಕ್ಕಳೂ ಎದುರಿಗಿದ್ದರು. ಪವಿತ್ರಾಳ ತುಟಿ ಸ್ವಲ್ಪ ಸೊಟ್ಟಗಾಯಿತು, ಅಷ್ಟೇ. ಅತ್ತದ್ದು ಹಾನ್ನಾ. ಎಲ್ಲರ ಎದುರು, ಯಾವ ನಲ್ಲಿಯ ಮರೆಯೂ ಇಲ್ಲದೆ.

ಮೊದಲನೆಯ ಕಾಗದ ಒಂದು ತಿಂಗಳಿಗೆ ಬಂತು. ಲಕೋಟೆಯ ಮೂಲೆಯಲ್ಲಿ ಒಂದು ಎಂದು ಬರೆದಿದ್ದಳು. ಓದಿ ಹೇಳುವಾಗ ನಾನು ಒಂದು ಪದವನ್ನೂ ಸೇರಿಸಲಿಲ್ಲ. ಅರ್ಥವಾಗದ ಕಡೆ, "ಇದು ನನಗೆ ಗೊತ್ತಾಗುದಿಲ್ಲ" ಎಂದೇ ಹೇಳಿದೆ. ಕಾಗದದ ಕೊನೆಯಲ್ಲಿ ನನಗೊಂದು ಸಾಲು ಇರುತ್ತಿತ್ತು. ಐರಿನ್, ನಿಮ್ಮ ಮಂಡಿನೋವು ಹೇಗಿದೆ. ಐರಿನ್, ಇಲ್ಲಿ ಹಿಮ ಕರಗಿತು. ಎರಡನೆಯದು ಬಂತು, ಮೂರನೆಯದು ಬಂತು. ನಾಲ್ಕನೆಯದು ಶಾಲೆ ಮತ್ತೆ ಸುರುವಾದ ಮೇಲೆ ಬಂತು. ಹಾನ್ನಾ ನರ್ಸಿಂಗ್ ಕಲಿಯಲು ಬೇರೆ ಊರಿಗೆ ಹೋಗುತ್ತಿದ್ದಳು. ಪವಿತ್ರಾ ನಾಲ್ಕನ್ನೂ ಒಟ್ಟಿಗೆ ರಬ್ಬರ್ ಬ್ಯಾಂಡು ಹಾಕಿ ಪೆಟ್ಟಿಗೆಯಲ್ಲಿಟ್ಟಳು. ಅಷ್ಟು ಹೊತ್ತಿಗೆ ಅವಳ ಬಾಯಿ ಎಷ್ಟು ಜೋರಾಗಿತ್ತೆಂದರೆ ಟೀಚರುಗಳು ದೂರು ಹೇಳುತ್ತಿದ್ದರು.

ಮುಂದಿನ ತಿಂಗಳು ಒಂದು ಮಧ್ಯಾಹ್ನ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿತು. ನಾನು ಅಕ್ಕಿ ಆರಿಸುತ್ತಿದ್ದವಳು ಎದ್ದು ಗೇಟಿಗೆ ಹೋದೆ. ವಿದ್ಯುತ್ತಿನ ಬಿಲ್ಲು, ಸಿಸ್ಟರುಗಳ ಪತ್ರಿಕೆ. ಹಿಂದಿರುಗಿ ಬಂದು ಅಕ್ಕಿಯ ಎದುರು ಕೂತೆ. ಅದರ ಮುಂದಿನ ವಾರವೂ ಎದ್ದು ಹೋದೆ. ಮೂರನೆಯ ವಾರ ಗೇಟಿನಿಂದ ಬರಿಗೈಯಲ್ಲಿ ತಿರುಗುವಾಗ, ಶಾಲೆಗೆ ರಜೆಯಿದ್ದ ಪವಿತ್ರಾ ಅಂಗಳದಲ್ಲಿ ಕುಂಟಾಟ ನಿಲ್ಲಿಸಿ ಒಂದು ಕಾಲಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ, ಮೆಲ್ಲನೆ ಹೇಳಿದಳು:

"ನಾಲ್ಕು ಮುಗೀತಲ್ಲ ಬಾಯಮ್ಮ."